ಎಳೆಗೆ ಎಂಜಲಿಲ್ಲ

ದೊಡ್ಡಬಳ್ಳಾಪುರ

ವಿಲಾಯಿತಿಗೆ ಹೋಗಿಬಂದವರ ಬರಹಗಳಲ್ಲಿ ಅರಮನೆ, ಸೇತುವೆ, ಗಡಿಯಾರದ ಗೋಪುರ ಇದ್ದೇ ಇರುತ್ತವೆ. ಅವನ್ನು ನಾನೂ ನೋಡಿದೆ. ಅವು ಎಲ್ಲಿಗೂ ಓಡಿಹೋಗುವುದಿಲ್ಲ, ಹೋದವರು ನೋಡಿಕೊಳ್ಳಬಹುದು. ನಾನು ಹೇಳಹೊರಟಿರುವುದು ಹರಿದ ಒಂದು ಬಿಳಿ ಅಂಗಿಯ ವಿಚಾರ. ಸ್ಕಾಟ್ಲೆಂಡಿನಲ್ಲಿ ಕಳೆದ ಒಂದು ವರ್ಷದಲ್ಲಿ ಚಳಿಗೆ ನಡುಗಿದ್ದು ಬೇಕಾದಷ್ಟಿದೆ, ಬೆವರಿದ್ದು ಮಾತ್ರ ಆ ಅಂಗಿಯಿಂದ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಅಪ್ಪ ಮಗ್ಗದಲ್ಲಿ ಕೂತರೆ ಅಮ್ಮ ಎಳೆ ಜೋಡಿಸುತ್ತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲಿನ ಒಂದು ಹಾಸು ಮುಗಿಯುತ್ತಾ ಬಂದಾಗ ಅದರ ಸಾವಿರಾರು ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಸೇರಿಸುವ ಕೆಲಸ ಅದು. ಏಳನೇ ವಯಸ್ಸಿಗೆ ನಾನೂ ಅದನ್ನು ಕಲಿತೆ. ಓದಿನಲ್ಲೂ ಚುರುಕಾಗಿದ್ದೆ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಸರ್ಕಾರದ ಒಂದು ಪ್ರಯೋಗಾಲಯಕ್ಕೆ ಸೇರಿದೆ. ಪೊಲೀಸರು ಕಳಿಸುವ ರಕ್ತದ ಬಟ್ಟೆ, ವಿಷದ ಲೋಟ, ಮಣ್ಣು ಮೆತ್ತಿದ ಮಚ್ಚು, ಇವೇ ನನ್ನ ದಿನದ ಸಂಗಾತಿಗಳು. ಬೆಳಗಿನ ರೈಲಿನಲ್ಲಿ ಹೋಗುವುದು, ಸಂಜೆಯ ರೈಲಿನಲ್ಲಿ ಬರುವುದು.

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ನಮ್ಮ ಪ್ರಯೋಗಾಲಯದ ಪದ್ಧತಿ ಏನೆಂದರೆ ಪರೀಕ್ಷೆ ಮಾಡುವವಳು ನಾನು, ವರದಿಗೆ ಸಹಿ ಹಾಕುವವರು ನಮ್ಮ ಸಾಹೇಬರು, ಕೋರ್ಟಿಗೆ ಹೋಗಿ ಸಾಕ್ಷಿ ನುಡಿಯುವವರೂ ಅವರೇ. ನಾಲ್ಕು ವರ್ಷ ಹೀಗೇ ನಡೆಯಿತು. ಒಂದು ದಿನ ನೇರವಾಗಿ ಕೇಳಿಬಿಟ್ಟೆ, ಸಹಿ ನಾನೇ ಹಾಕಬಾರದೇಕೆ ಎಂದು.

“ಕಟಕಟೇಲಿ ನಿಲ್ಸಿ ವಕೀಲರು ಬಟ್ಟೆ ಹಿಂಡ್ದಂಗೆ ಹಿಂಡ್ತಾರಮ್ಮ. ಹೆಣ್ಮಕ್ಕಳಿಗೆ ಯಾಕದು?” ಎಂದರು. ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾಗಿ, “ಈ ವಿದ್ಯೇಲೇ ಒಂದು ಡಿಗ್ರಿ ಇದ್ದಿದ್ರೆ ನೋಡ್ಬೋದಿತ್ತು” ಎಂದು ಸೇರಿಸಿದರು.

ಅಪರಾಧ ಪತ್ತೆಯ ವಿಜ್ಞಾನಕ್ಕೆ ಡಿಗ್ರಿ ಇದೆಯೆಂದು ನಮ್ಮ ಕಡೆ ಕೇಳಿದವರೇ ಕಡಿಮೆ. ಆ ಧೈರ್ಯದ ಮೇಲೆ ಅವರು ಹಾಗೆಂದಿದ್ದರು. ನಾನು ಎಲ್ಲೆಲ್ಲಿಗೋ ಕಾಗದ ಬರೆದೆ. ಎಂಟು ತಿಂಗಳಿಗೆ ಗ್ಲಾಸ್ಗೊದ ಒಂದು ವಿಶ್ವವಿದ್ಯಾಲಯದಿಂದ ಸೀಟೂ ವಿದ್ಯಾರ್ಥಿವೇತನವೂ ಸಿಕ್ಕಿದವು. ಕಾಗದ ತೋರಿಸಿದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು.

“ಹೋಗ್ಬಾ. ಡಿಗ್ರಿ ತಗೊಂಡ್ ಬಂದ್ರೆ ಸಹಿ ನಿಂದು, ಕೋರ್ಟೂ ನಿಂದು. ಬರಿಗೈಲಿ ಬಂದ್ರೆ ಆ ಮಾತು ಮತ್ತೆ ಎತ್ಬಾರ್ದು, ಆಯ್ತಾ?”

“ಆಯ್ತು ಸಾರ್” ಎಂದೆ.

ಮನೆಯಲ್ಲಿ ಅಪ್ಪ ಒಂದು ರೇಷ್ಮೆ ಸೀರೆ ನೇಯ್ದುಕೊಟ್ಟರು. ಅಮ್ಮ ಹುರಿಹಿಟ್ಟು, ಚಟ್ನಿಪುಡಿ ಕಟ್ಟುತ್ತಾ, “ಅಲ್ಲಿ ಎಂಜಲು ಮುಸುರೆ ಅನ್ನೋದೇ ಇಲ್ವಂತೆ ಕಣೇ. ನೋಡ್ಕೊಂಡ್ ತಿನ್ನು. ಒಬ್ರು ಬಾಯಿಟ್ಟ ಲೋಟಕ್ಕೆ ನೀನ್ ಬಾಯಿಡ್ಬೇಡ” ಎಂದಳು. ನಾನು ವಿಜ್ಞಾನದವಳು, ಇದನ್ನೆಲ್ಲ ನಂಬುವುದಿಲ್ಲ ಎಂದು ನಕ್ಕೆ. ಆದರೆ ನಂಬುತ್ತಿದ್ದೆ.

ಲಂಡನ್, ಹುರಿಹಿಟ್ಟು

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆದ ಅಧಿಕಾರಿ ಎಳೆಯ ವಯಸ್ಸಿನವನು. ಚಟ್ನಿಪುಡಿಯ ಡಬ್ಬ ಮೂಸಿ ಆರು ಸಲ ಸೀನಿದ. ಹುರಿಹಿಟ್ಟಿನ ಡಬ್ಬ ನೋಡಿ ಅವನ ಮುಖ ಗಂಭೀರವಾಯಿತು. ಕಂದುಬಣ್ಣದ ನುಣ್ಣನೆಯ ಪುಡಿ, ಎರಡು ಸೇರಿನಷ್ಟು. ಇದೇನು ಎಂದ. ತಿನ್ನುವುದು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಮೂವರೂ ಡಬ್ಬದ ಸುತ್ತ ನಿಂತು ತಲೆ ಕೆರೆದುಕೊಂಡರು.

ನನಗೋ ರೈಲು ಹಿಡಿಯುವ ಆತುರ. “ನಿಮ್ಮ ಔಷಧಿ ಪೆಟ್ಟಿಗೆಯಲ್ಲಿ ಅಯೋಡಿನ್ ಇದೆಯೇ?” ಎಂದು ಕೇಳಿದೆ. ಇತ್ತು, ತಂದರು. ಒಂದು ಚಿಟಿಕೆ ಹಿಟ್ಟನ್ನು ನೀರಲ್ಲಿ ಕಲಸಿ ಒಂದು ಹನಿ ಅಯೋಡಿನ್ ಬಿಟ್ಟೆ. ಪುಡಿ ಕಡುನೀಲಿಯಾಯಿತು. “ನೀಲಿಯಾದರೆ ಪಿಷ್ಟ. ಪಿಷ್ಟವೆಂದರೆ ಧಾನ್ಯದ ಹಿಟ್ಟು. ನಾನು ಇಲ್ಲಿಗೆ ಕಲಿಯಲು ಬಂದಿರುವುದೂ ಇಂಥದನ್ನೇ” ಎಂದು ವಿಶ್ವವಿದ್ಯಾಲಯದ ಕಾಗದ ತೋರಿಸಿದೆ. ಹಿರಿಯ ಅಧಿಕಾರಿ ಟೋಪಿ ಮುಟ್ಟಿ ಪೆಟ್ಟಿಗೆಯನ್ನು ತಾನೇ ಕಟ್ಟಿಕೊಟ್ಟ. ದೇಶದೊಳಕ್ಕೆ ಕಾಲಿಡುವ ಮೊದಲೇ ಒಂದು ಪರೀಕ್ಷೆ ಪಾಸಾದೆನೆಂದು ರೈಲಿನುದ್ದಕ್ಕೂ ಬೀಗಿಕೊಂಡೇ ಕೂತಿದ್ದೆ.

ಪೇಸ್ಲಿ

ನನಗೆ ಕೋಣೆ ಸಿಕ್ಕಿದ್ದು ಗ್ಲಾಸ್ಗೊದಲ್ಲಲ್ಲ, ಪಕ್ಕದ ಪೇಸ್ಲಿ ಎಂಬ ಊರಿನಲ್ಲಿ. ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಮನೆಯೊಡತಿ ಮಿಸೆಸ್ ಲೆನ್ನಕ್ಸ್, ಎಪ್ಪತ್ತರ ಹತ್ತಿರದ ವಿಧವೆ. ಬಾಗಿಲು ತೆರೆದವಳೇ ನನ್ನ ಮುಖ ನೋಡುವ ಮೊದಲು ಸೀರೆ ನೋಡಿದಳು. ಸೆರಗನ್ನು ಬೆರಳಲ್ಲಿ ಹಿಡಿದು ಮಗುಚಿ ಹಿಂಬದಿಯನ್ನು ಪರೀಕ್ಷಿಸಿದಳು. ನೇಯ್ಗೆ ಗೊತ್ತಿಲ್ಲದವರು ಸೀರೆಯ ಮುಂಬದಿ ನೋಡುತ್ತಾರೆ, ಗೊತ್ತಿದ್ದವರು ಹಿಂಬದಿ ನೋಡುತ್ತಾರೆ. ಅಷ್ಟರಿಂದಲೇ ನನಗೆ ಸಮಾಧಾನವಾಯಿತು.

ಅವಳ ಇಂಗ್ಲಿಷು ನಮ್ಮ ಹೈಸ್ಕೂಲಿನ ಇಂಗ್ಲಿಷಿಗೆ ದೂರದ ನೆಂಟಸ್ತಿಕೆಯೂ ಇಲ್ಲದ್ದು. ಎರಡು ವಾರ ಕಳೆದ ಮೇಲೆ ಅದು ನನಗೆ ನಮ್ಮ ಬೀದಿಯ ಕನ್ನಡದ ಹಾಗೇ ಕೇಳಿಸತೊಡಗಿತು. ಅದಕ್ಕೇ ಅವಳ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ.

ಪೇಸ್ಲಿಯವರು ಒಂದು ಕಾಲಕ್ಕೆ ಶಾಲು ನೇಯ್ದು ಹೆಸರಾದವರು. ಆ ಶಾಲುಗಳ ಮೇಲೆಲ್ಲ ನಮ್ಮ ಮಾವಿನಕಾಯಿ ಬುಟ್ಟಾ! ಅದಕ್ಕೆ ಅವರು ಪೇಸ್ಲಿ ಎಂದು ತಮ್ಮೂರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ. “ಇದು ನಮ್ಮ ಕಡೆಯದು” ಎಂದರೆ ಮಿಸೆಸ್ ಲೆನ್ನಕ್ಸ್, “ಇರ್ಬೋದಮ್ಮ, ಆದ್ರೆ ಹೆಸ್ರು ನಮ್ದು” ಎನ್ನುತ್ತಿದ್ದಳು. ಈ ವ್ಯಾಜ್ಯ ನಾನು ಹೊರಡುವವರೆಗೂ ತೀರ್ಮಾನವಾಗಲಿಲ್ಲ.

ಮನೆ ಚೊಕ್ಕಟ, ಮನಸ್ಸೂ ಚೊಕ್ಕಟ. ಆದರೆ ಅಡುಗೆಮನೆಯಲ್ಲಿ ನಾನು ಕಂಡದ್ದು ಬೇರೆ. ಒಲೆಯ ಮೇಲೆ ತರಕಾರಿಯ ಸಾರು ಕುದಿಯುತ್ತಿದ್ದರೆ ಅವಳು ಸೌಟು ಎತ್ತಿ, ತುಟಿಗಿಟ್ಟು, ಚಪ್ಪರಿಸಿ, ಅದೇ ಸೌಟನ್ನು ಮತ್ತೆ ಪಾತ್ರೆಗೆ ಅದ್ದುವಳು. ಮೊದಲ ಸಲ ನೋಡಿದಾಗ ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟೆ. ಸುಮ್ಮನಿರುವ ಜಾಯಮಾನ ನನ್ನದಲ್ಲ. ಅವಳನ್ನು ಕೂರಿಸಿಕೊಂಡು ಎಂಜಲು ಎಂದರೇನು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಬಾಯಿ ತಾಗಿದ್ದು ಎಂಜಲು, ಎಂಜಲು ತಾಗಿದ್ದೂ ಎಂಜಲು, ನಾವು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತೇವೆ, ಹೀಗೆ.

ಅವಳು ಎಲ್ಲವನ್ನೂ ಗಮನವಿಟ್ಟು ಕೇಳಿ, “ಹಂಗಾದ್ರೆ ನಿಮ್ಮೂರಲ್ಲಿ ಉಪ್ಪು ಸರಿಯಾಗಿದ್ಯಾ ಅಂತ ಹೆಂಗ್ ನೋಡ್ತಾರೆ?” ಎಂದಳು.

“ಅಂಗೈ ಮೇಲೆ ಒಂದು ತೊಟ್ಟು ಬಿಟ್ಕೊಂಡು ನೋಡ್ತೀವಿ.”

“ಆಮೇಲೆ ಕೈ ನೆಕ್ಕಿ?”

“ಆಮೇಲೆ ಕೈ ತೊಳೀತೀವಿ” ಎಂದೆ, ಗೆದ್ದವಳ ಹಾಗೆ. ಅಂದಿನಿಂದ ಅವಳು ನನ್ನ ಪಾಲಿನ ಸಾರನ್ನು ಸೌಟು ನೆಕ್ಕುವ ಮೊದಲೇ ತೆಗೆದಿಡತೊಡಗಿದಳು.

ಬಸ್ಸು, ಹೊಸಕೋಟೆ

ಗ್ಲಾಸ್ಗೊಗೆ ಹೋಗುವ ಬಸ್ಸಿಗೆ ಎರಡು ಮಹಡಿ, ಹತ್ತುವ ಬಾಗಿಲು ಹಿಂದುಗಡೆ. ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಗಾಳಿಗೆ ಸೀರೆ ಹಾರಿ ನೆರಿಗೆಯ ಅಂಚು ಮೆಟ್ಟಿಲಿನ ತಗಡಿಗೆ ಸಿಕ್ಕಿಕೊಂಡಿತು, ಬಸ್ಸೂ ಹೊರಟಿತು. “ಅಯ್ಯೋ ಹಾಳಾಗೋಗ, ಹರ್ದೇಹೋಯ್ತಲ್ಲಪ್ಪ!” ಎಂದು ಕಿರಿಚಿದೆ.

“ಒಸಿ ನಿಧಾನ ತಂಗೀ. ಡ್ರೈವರ್ ನಮ್ಮೂರೋನಲ್ಲ, ನಿಲ್ಸಲ್ಲ” ಎಂದಿತು ಹಿಂದಿನಿಂದ ಒಂದು ದನಿ.

ಕನ್ನಡ! ತಿರುಗಿ ನೋಡಿದರೆ ಕಂಡಕ್ಟರು. ಕುರುಚಲು ಗಡ್ಡ, ತಲೆಯ ಮೇಲೆ ಕಂಪನಿಯ ಟೋಪಿ, ಕೊರಳಲ್ಲಿ ಟಿಕೆಟ್ ಯಂತ್ರ. ಬಗ್ಗಿ ಸೀರೆ ಬಿಡಿಸಿಕೊಡುತ್ತಾ, “ಯಾವೂರು?” ಎಂದ.

“ದೊಡ್ಬಳ್ಳಾಪುರ.”

“ಹಂಗನ್ನಿ! ನಂದು ಹೊಸ್ಕೋಟೆ. ನಮ್ಮ ಅಮ್ಮೀಗೆ ಸೀರೆ ನಿಮ್ಮೂರಿಂದ್ಲೇ ಬರ್ತಿತ್ತು.”

ಹೆಸರು ಬಷೀರ್. ಹಡಗಿನ ಕೆಲಸಕ್ಕೆ ಸೇರಿ ಗ್ಲಾಸ್ಗೊದಲ್ಲಿ ಇಳಿದವನು ಇಲ್ಲೇ ಉಳಿದುಬಿಟ್ಟಿದ್ದ. ಹತ್ತು ವರ್ಷದಿಂದ ಕನ್ನಡ ಮಾತಾಡಲು ಜನವಿಲ್ಲದೆ ಅವನ ಬಾಯಿ ಕಟ್ಟಿಹೋಗಿತ್ತಂತೆ. ಆ ಹತ್ತು ವರ್ಷದ ಬಾಕಿಯನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡ. ಬಸ್ಸಿನ ಬಿಳಿಯರೆಲ್ಲ ನಮ್ಮ ಗಲಾಟೆಯನ್ನು ತಿರುಗಿ ನೋಡುತ್ತಿದ್ದರು.

“ಏನ್ ಓದ್ತಿದೀರಾ?”

“ರಕ್ತದ ಕಲೆ ನೋಡಿ ಯಾರದು ಅಂತ ಕಂಡುಹಿಡಿಯೋದು.”

“ಯಾ ಅಲ್ಲಾ, ಅದಕ್ಕೂ ಓದ್ಬೇಕಾ? ಹೊಸ್ಕೋಟೆ ಸಂತೇಲಿ ಯಾರ ಮೂಗಿಂದು ಯಾರ ಅಂಗಿಗೆ ಬಿತ್ತು ಅಂತ ಹತ್ತು ಜನ ಹೇಳ್ತಾರೆ.”

“ಹತ್ತು ಜನ ಹತ್ತು ಥರ ಹೇಳ್ತಾರಲ್ಲ ಬಷೀರಣ್ಣ, ಅದಕ್ಕೇ ಓದ್ಬೇಕು.”

ಅವನು ಬಸ್ಸಿನ ಕಂಬ ಹಿಡಿದುಕೊಂಡು ಜೋರಾಗಿ ನಕ್ಕ.

ಗ್ಲಾಸ್ಗೊ, ಪ್ರಯೋಗಾಲಯ

ನಮ್ಮ ತರಗತಿಯಲ್ಲಿ ಆರೇ ಜನ. ಕಲಿಸುವವರು ಡಾಕ್ಟರ್ ಮನ್ರೋ. ಎತ್ತರದ ಮನುಷ್ಯ, ನಗು ಅಪರೂಪ. ಮೊದಲ ದಿನ ಅವರು ಹೇಳಿದ್ದಿಷ್ಟು: ನೀವು ಮುಟ್ಟಿದ್ದಕ್ಕೆ ನೀವು ಅಂಟುತ್ತೀರಿ, ಅದು ನಿಮಗೂ ಅಂಟುತ್ತದೆ, ಇದನ್ನು ಮರೆತವರು ಈ ಕೆಲಸಕ್ಕೆ ಬರಬೇಡಿ. ಉಳಿದವರು ಗಡಿಬಿಡಿಯಿಂದ ಬರೆದುಕೊಂಡರು. ನಾನು ಪೆನ್ನು ಎತ್ತಲೇ ಇಲ್ಲ. ಇದನ್ನು ಕಲಿಯಲು ಇಷ್ಟು ದೂರ ಬರಬೇಕಿತ್ತೆ? ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದವಳಿಗೆ ಅದು ಅಂಬೆಗಾಲಿಡುವಾಗಲೇ ಗೊತ್ತು. ಊರಿಗೆ ಬರೆದ ಕಾಗದದಲ್ಲಿ, ‘ಇಲ್ಲಿಯ ವಿಜ್ಞಾನವೆಲ್ಲ ನಮ್ಮಜ್ಜಿಯ ಮಡಿಯೇ, ಬಿಳಿ ಕೋಟು ಹಾಕಿಕೊಂಡಿದೆ ಅಷ್ಟೆ’ ಎಂದು ಬರೆದೆ. ಆಗ ಕೈಗವಸು ಹಾಕುವ ಕಟ್ಟುನಿಟ್ಟು ಇರಲಿಲ್ಲ, ಕೈ ತೊಳೆದರೆ ಸಾಕಿತ್ತು. ನಾನು ಎಲ್ಲರಿಗಿಂತ ಎರಡು ಸಲ ಹೆಚ್ಚು ತೊಳೆಯುತ್ತಿದ್ದೆ.

ರಕ್ತದ ಗುಂಪು ಕಂಡುಹಿಡಿಯುವುದರಲ್ಲಿ ನಾನೇ ಮುಂದು. ಕಲೆ ಒಣಗಿ ವರ್ಷಗಳು ಕಳೆದರೂ ಅದರ ಗುಂಪಿನ ಗುರುತು ಬಟ್ಟೆಯಲ್ಲಿ ಉಳಿದಿರುತ್ತದೆ. ಉಗುರಿನುದ್ದದ ಎರಡು ಮೂರು ಎಳೆ ಸಾಕು. ಬಟ್ಟೆಯಿಂದ ಎಳೆ ತೆಗೆಯಲು ಉಳಿದವರು ಚಿಮಟ ಹಿಡಿದು ಒದ್ದಾಡುತ್ತಿದ್ದರು. ನನ್ನ ಬೆರಳಿಗೆ ಅದು ಸಲೀಸು. “ನಿನ್ನದು ಈ ಕೆಲಸಕ್ಕೆಂದೇ ಹುಟ್ಟಿದ ಕೈ” ಎಂದು ಡಾಕ್ಟರ್ ಮನ್ರೋ ಒಂದು ಸಲ ಹೊಗಳಿದ್ದೂ ಉಂಟು.

ವರ್ಷದ ಕೊನೆಗೆ ದೊಡ್ಡ ಪರೀಕ್ಷೆ. ಮುಗಿದುಹೋದ ಹಳೆಯ ಕೇಸಿನ ಒಂದೊಂದು ವಸ್ತುವನ್ನು ಒಬ್ಬೊಬ್ಬರಿಗೆ ಕೊಡುತ್ತಾರೆ. ಪರೀಕ್ಷಿಸಿ, ವರದಿ ಬರೆದು, ಸಹಿ ಹಾಕಿ, ಅಣಕು ಕೋರ್ಟಿನ ಕಟಕಟೆಯಲ್ಲಿ ನಿಂತು ಅದನ್ನು ಸಮರ್ಥಿಸಬೇಕು. ಇದರಲ್ಲಿ ಬಿದ್ದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಸಹಿಯೂ ಇಲ್ಲ, ಕೋರ್ಟೂ ಇಲ್ಲ.

ನನ್ನ ಪಾಲಿಗೆ ಬಂದದ್ದು ಬಿಳಿ ಅಂಗಿ. ಓಣಿಯೊಂದರಲ್ಲಿ ಹೊಡೆದಾಟವಾಗಿ ಒಬ್ಬ ಸತ್ತಿದ್ದ. ಅಂಗಿ ಆರೋಪಿಯದು. ಸತ್ತವನ ರಕ್ತ ‘ಎ’ ಗುಂಪು, ಆರೋಪಿಯದು ‘ಓ’. ಅಂಗಿಯ ಕೆಳಗಿನ ಅಂಚು ಹರಿದು ಎಳೆಗಳು ಬಿಚ್ಚಿಹೋಗಿದ್ದವು, ಕಲೆ ಇದ್ದದ್ದು ಅಲ್ಲೇ. ಕೇಸು ನಡೆದ ಕಾಲದಲ್ಲಿ ಅಷ್ಟು ಸಣ್ಣ ಕಲೆಯ ಗುಂಪು ತಿಳಿಯುವ ವಿಧಾನ ಇರಲಿಲ್ಲ. ಹಾಗಾಗಿ ಉತ್ತರ ಯಾರಿಗೂ ಗೊತ್ತಿಲ್ಲ.

ನಾನು ಪರೀಕ್ಷಿಸಿದೆ. ‘ಎ’ ಬಂತು. ಜೊತೆಗೆ ‘ಬಿ’ಯೂ ಬಂತು. ಹೋಲಿಕೆಗೆಂದು ಅಂಗಿಯ ಕಲೆಯಿಲ್ಲದ ಮೂಲೆಯಿಂದ ಕತ್ತರಿಯಲ್ಲಿ ಕತ್ತರಿಸಿದ ಚೂರಿನಲ್ಲಿ ಏನೂ ಬರಲಿಲ್ಲ. ಅಂದರೆ ಬಟ್ಟೆ ಶುದ್ಧ, ಕಲೆಯಲ್ಲಿ ಮಾತ್ರ ಇಬ್ಬರಿಗೂ ಸೇರದ ಒಂದು ಗುರುತು. ಮೂರನೆಯ ವ್ಯಕ್ತಿ! ಮತ್ತೊಮ್ಮೆ ಎಳೆ ತೆಗೆದು ಮಾಡಿದೆ, ಹಾಗೇ ಬಂತು. ಶುಕ್ರವಾರ ವರದಿ ಬರೆದು ದೊಡ್ಡದಾಗಿ ಸಹಿ ಹಾಕಿ ಕೊಟ್ಟೆ.

ಡಾಕ್ಟರ್ ಮನ್ರೋ ಓದುತ್ತಾ ಓದುತ್ತಾ ಎದ್ದುನಿಂತರು. ಓಣಿಯಲ್ಲಿ ಮೂರನೆಯವನೊಬ್ಬ ಇದ್ದನೆಂದು ಆರೋಪಿ ಕೊನೆಯವರೆಗೂ ಹೇಳಿದ್ದನಂತೆ. ಯಾರೂ ನಂಬಿರಲಿಲ್ಲ. ಶಿಕ್ಷೆ ಮುಗಿಸಿ ಹೊರಗೆ ಬಂದು ಈಗ ಎಲ್ಲೋ ಬದುಕಿದ್ದಾನೆ. “ಬುಧವಾರ ಕಟಕಟೆಯಲ್ಲಿ ಈ ಮಾತು ನಿಂತರೆ ನಾನು ಮೇಲಿನವರಿಗೆ ಬರೆಯುತ್ತೇನೆ” ಎಂದರು. ಅವರ ಹಲ್ಲುಗಳನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ, ಅಡುಗೆಮನೆ

ಕೋರ್ಟಿಗೆ ಅಪ್ಪ ನೇಯ್ದ ಸೀರೆಯನ್ನೇ ಉಡಬೇಕೆಂದು ತೀರ್ಮಾನಿಸಿದ್ದೆ. ಸೆರಗಿನ ಕುಚ್ಚು ನಾಲ್ಕಾರು ಕಡೆ ಬಿಚ್ಚಿತ್ತು. ಭಾನುವಾರ ಊಟವಾದ ಮೇಲೆ ಅಡುಗೆಮನೆಯ ಒಲೆಯ ಪಕ್ಕ ಕೂತು ಎಳೆಗಳನ್ನು ಹೊಸೆಯತೊಡಗಿದೆ. ಎದುರಿಗೆ ಮಿಸೆಸ್ ಲೆನ್ನಕ್ಸ್ ಕಾಲುಚೀಲ ಹೆಣೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕಡ್ಡಿಗಳು ನಿಂತವು. ನನ್ನನ್ನೇ ನೋಡುತ್ತಿದ್ದಳು.

“ನೀನೂ ನಮ್ಮೋಳೇ ಕಣೇ ರತ್ನಾ” ಎಂದಳು. “ನಾನು ಹುಡುಗಿಯಾಗಿದ್ದಾಗ ಗ್ಲಾಸ್ಗೊದಲ್ಲಿ ನೇಯ್ಗೆ ಶೆಡ್ಡಿಗೆ ಹೋಗ್ತಿದ್ದೆ. ಲಾಳಿ ತೂತಿಗೆ ಬಾಯಿಟ್ಟು ಹೀರಿ ನೂಲು ಎಳೀಬೇಕಿತ್ತು. ಲಾಳಿಗೆ ಮುತ್ತು ಕೊಡೋದು ಅಂತಿದ್ವಿ. ಒಂದು ಲಾಳಿಗೆ ಹತ್ತು ಜನದ ಬಾಯಿ. ನಂಗೆ ಇವತ್ತಿಗೂ ಹೊಲಿಗೆ ಹಿಡಿದ್ರೆ ನಾಲಿಗೆ ಹೊರಕ್ಕೆ ಬರುತ್ತೆ, ನಿನ್ ಥರಾನೇ.”

“ನಾನೆಲ್ಲಿ ನಾಲಿಗೆ ಹೊರಗೆ ಹಾಕ್ದೆ?”

“ಅಯ್ಯೋ, ಎಳೆ ಎಳೆಗೂ ಬೆರಳು ನಾಲಿಗೆಗೆ ಹೋಗ್ತಿದ್ಯಲ್ಲೇ!”

ನನ್ನ ಕೈ ನೋಡಿಕೊಂಡೆ. ಬಲಗೈಯ ಹೆಬ್ಬೆರಳು, ತೋರುಬೆರಳು ಒದ್ದೆಯಾಗಿದ್ದವು.

ನಮ್ಮ ಮನೆಯಲ್ಲಿ ಅಮ್ಮ ಹೀಗೇ ಮಾಡುತ್ತಿದ್ದಳು, ಅಜ್ಜಿಯೂ ಹೀಗೇ. ಬೆರಳ ತುದಿ ನಾಲಿಗೆಗೆ, ನಾಲಿಗೆಯಿಂದ ಎಳೆಗೆ, ಒಂದು ಹೊಸೆತ. ಒಣಬೆರಳಿಗೆ ಎಳೆ ಜಾರುತ್ತದೆ. ಬಾಯಿಟ್ಟ ಲೋಟವನ್ನು ಮೂರು ಸಲ ತೊಳೆಯುವ ಮನೆಯಲ್ಲಿ, ದೇವರಿಗೆ ಉಡಿಸುವ ಸೀರೆಯ ಎಳೆ ಎಳೆಗೂ ಎಂಜಲು ತಾಗಿರುತ್ತಿತ್ತು. ಅದನ್ನು ಎಂಜಲೆಂದು ಯಾರೂ ಅಂದುಕೊಂಡಿರಲಿಲ್ಲ. ಲೋಟಕ್ಕೆ ಎಂಜಲುಂಟು, ಸೌಟಿಗೆ ಉಂಟು, ಎಳೆಗೆ ಎಂಜಲಿಲ್ಲ. ನಾನು ಎಂ.ಎಸ್ಸಿ. ಮಾಡಿದೆ, ಕಡಲು ದಾಟಿದೆ, ಆದರೂ ನನಗೂ ಅಂದುಕೊಳ್ಳಲು ಆಗಿರಲಿಲ್ಲ.

ಹರಿದ ಅಂಗಿಯ ಅಂಚು ನೆನಪಾಯಿತು. ಬಿಚ್ಚಿಹೋದ ಆ ಎಳೆಗಳನ್ನು ಒಂದೊಂದಾಗಿ ಬೇರ್ಪಡಿಸಿ, ತುದಿ ಹೊಸೆದು, ಎಷ್ಟು ಅಚ್ಚುಕಟ್ಟಾಗಿ ತೆಗೆದಿದ್ದೆ! ಮೂಲೆಯ ಚೂರನ್ನು ಕತ್ತರಿಯಲ್ಲಿ ಕತ್ತರಿಸಿದ್ದರಿಂದ ಅದಕ್ಕೆ ಬೆರಳು ಹೋಗಿರಲಿಲ್ಲ. ಹೆಚ್ಚಿನ ಜನರ ಎಂಜಲಿನಲ್ಲೂ ಅವರ ರಕ್ತದ ಗುಂಪಿನ ಗುರುತು ಇರುತ್ತದೆ ಎಂಬುದು ನಮಗೆ ಮೂರನೇ ವಾರದ ಪಾಠ. ನನ್ನ ಗುಂಪು ‘ಬಿ’.

ಮಿಸೆಸ್ ಲೆನ್ನಕ್ಸ್ ಎರಡು ಸಲ ಏನಾಯಿತೆಂದು ಕೇಳಿದಳು. ನಾನು ಸೀರೆ ಮಡಿಸಿಟ್ಟು ಎದ್ದುಹೋಗಿ ಕೈ ತೊಳೆದೆ. ಒಂದು ವರ್ಷ ಅವಳ ಸೌಟಿನ ಬಗ್ಗೆ ನಾನು ಆಡಿದ ಮಾತುಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಮಂಗಳವಾರ

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆ. ಊಹೆಯ ಮೇಲೆ ಅಳುವುದು ನನಗೆ ಹಿಡಿಸದು, ಮೊದಲು ಖಾತ್ರಿಯಾಗಬೇಕು. ಕರವಸ್ತ್ರವನ್ನು ಜೈನ ಸನ್ಯಾಸಿನಿಯರ ಹಾಗೆ ಬಾಯಿಗೆ ಕಟ್ಟಿಕೊಂಡು, ಎರಡು ಚಿಮಟಗಳಿಂದ ಕಲೆಯ ಹೊಸ ಎಳೆಗಳನ್ನು ತೆಗೆದೆ. ಆಮೇಲೆ ಕರವಸ್ತ್ರ ಬಿಚ್ಚಿ, ಬೇಕೆಂದೇ ಬೆರಳು ನೆಕ್ಕಿ, ಅಂಗಿಯ ಶುದ್ಧವಾದ ಮೂಲೆಯ ಎಳೆಗಳನ್ನು ಹೊಸೆದೆ. ಎರಡನ್ನೂ ಪರೀಕ್ಷೆಗಿಟ್ಟು, ಯಾವುದನ್ನು ಹೇಗೆ ತೆಗೆದೆನೆಂದು ನೋಟುಬುಕ್ಕಿನಲ್ಲಿ ಬರೆದೆ.

ಮಂಗಳವಾರ ಮಧ್ಯಾಹ್ನ ಉತ್ತರ ಬಂತು. ಚಿಮಟದ ಎಳೆಗಳಲ್ಲಿ ಬರೀ ‘ಎ’. ನೆಕ್ಕಿದ ಎಳೆಗಳಲ್ಲಿ ‘ಬಿ’.

ಸಂಜೆ ಬಸ್ಸಿನಲ್ಲಿ ಬಷೀರಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ಟಿಕೆಟ್ ಕೊಡುವುದನ್ನು ಮರೆತು ನನ್ನ ಪಕ್ಕದಲ್ಲೇ ನಿಂತುಬಿಟ್ಟ.

“ನೋಡ್ದೋರು ಯಾರು?”

“ಯಾರೂ ಇಲ್ಲ.”

“ಹಂಗಾದ್ರೆ ಸುಮ್ನಿದ್ಬಿಡಿ ತಂಗೀ. ಅವ್ರು ಕೇಳಿದ್ರೆ ಹೇಳಿ, ಕೇಳ್ದಿದ್ರೆ ಪಾಸ್ ಮಾಡ್ಕೊಂಡು ಮನೇಗೋಗಿ. ಹೇಳಿದ್ರೆ ನಿಮ್ ಸಾಹೇಬ್ರು ಕೈ ತಟ್ಕೊಂಡ್ ನಗ್ತಾರೆ, ಅಷ್ಟೆ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಒಳಿತಿಗೇ ಹೇಳಿದ. ಟಿಕೆಟ್ಟಿನ ಕಾಸನ್ನು ಅವನ ಕೈಗಿಟ್ಟು ಇಳಿದೆ. ಬರಿಗೈಯಲ್ಲಿ ಹೋಗಿ ಸಾಹೇಬರ ಮುಂದೆ ನಿಲ್ಲುವುದನ್ನು ನೆನೆದರೆ ಸುಮ್ಮನಿದ್ದುಬಿಡೋಣ ಎನಿಸುತ್ತಿತ್ತು. ಮೂರನೆಯವನೊಬ್ಬ ಇದ್ದ ಎಂದು ಹೇಳಿಕೊಂಡು ಸೆರೆಮನೆ ಸವೆಸಿ ಬಂದ ಆ ಮನುಷ್ಯನನ್ನು ನೆನೆದರೂ ಹಾಗೇ ಎನಿಸುತ್ತಿತ್ತು.

ಬುಧವಾರ, ಕಟಕಟೆ

ಅಣಕು ಕೋರ್ಟೆಂದರೂ ವ್ಯವಸ್ಥೆ ಅಸಲಿಯೇ. ಎತ್ತರದ ಕುರ್ಚಿಯಲ್ಲಿ ನ್ಯಾಯಾಧೀಶರ ಪಾತ್ರದಲ್ಲಿ ಒಬ್ಬ ಪರೀಕ್ಷಕರು. ಆರೋಪಿಯ ವಕೀಲರಾಗಿ ಬಂದವರು ಮಾತ್ರ ನಿಜವಾಗಿ ವಕೀಲಿ ಮಾಡಿ ನಿವೃತ್ತರಾದವರು. ಅವರ ಹುಬ್ಬು ಕಣ್ಣಿನ ಮೇಲೆ ಚಪ್ಪರ ಹಾಕಿದಂತಿತ್ತು. ನನಗಿಂತ ಮೊದಲು ನಿಂತವನನ್ನು ಅವರು ಹತ್ತು ನಿಮಿಷದಲ್ಲಿ ಅಳಿಸಿ ಕಳಿಸಿದ್ದರು.

ನನ್ನನ್ನು ಅಳಿಸುವ ಉದ್ದೇಶ ಅವರಿಗಿರಲಿಲ್ಲ. ನನ್ನ ವರದಿ ಅವರ ಕಕ್ಷಿಗೆ ಅನುಕೂಲವಾಗಿತ್ತಲ್ಲ! ಬಹಳ ಮರ್ಯಾದೆಯಿಂದ, ಮಗಳನ್ನು ಮಾತಾಡಿಸುವ ಹಾಗೆ ಕೇಳಿದರು.

“ಈ ವರದಿಯ ಸಹಿ ನಿಮ್ಮದೇ?”

“ನನ್ನದೇ.”

“ಈ ಎಳೆಗಳಲ್ಲಿ ಸತ್ತವನದೂ ಅಲ್ಲದ, ಆರೋಪಿಯದೂ ಅಲ್ಲದ, ಮೂರನೆಯವರೊಬ್ಬರ ಗುರುತು ಸಿಕ್ಕಿತು. ನಿಜವೇ?”

“ನಿಜ” ಎಂದೆ.

“ಅನುಮಾನವಿಲ್ಲವಷ್ಟೆ?”

“ಒಂದಿಷ್ಟೂ ಇಲ್ಲ.”

ಅವರು ನ್ಯಾಯಾಧೀಶರ ಕಡೆ ತಲೆ ಬಾಗಿಸಿ ಕೂರಲು ಹೊರಟರು. ಡಾಕ್ಟರ್ ಮನ್ರೋ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೆಳಗಿಳಿದರೆ ಡಿಗ್ರಿ ನನ್ನದು. ಕಟಕಟೆಯ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಅಂಗೈ ಬೆವರಿ ಜಾರುತ್ತಿತ್ತು.

“ಸ್ವಾಮಿ, ಆ ಮೂರನೆಯವರು ಯಾರು ಎಂದು ನೀವು ಕೇಳಲಿಲ್ಲ” ಎಂದೆ.

ಅರ್ಧ ಕೂತವರು ಎದ್ದರು. ಹುಬ್ಬು ಮೇಲೆ ಹೋಗಿ ಮೊದಲ ಸಲ ಅವರ ಕಣ್ಣು ಕಂಡವು. “ಯಾರು?”

“ನಾನು.”

ಆಮೇಲೆ ಎಲ್ಲವನ್ನೂ ಹೇಳಿದೆ. ನಮ್ಮೂರು, ಮಗ್ಗ, ಬೆರಳು, ನಾಲಿಗೆ. ಎಂಜಲಿಗೆ ಇಂಗ್ಲಿಷಿನಲ್ಲಿ ಸರಿಯಾದ ಮಾತಿಲ್ಲದ್ದರಿಂದ ಅದನ್ನು ವಿವರಿಸಲೇ ಐದು ನಿಮಿಷ ಹಿಡಿಯಿತು. ಸೋಮವಾರದ ನೋಟುಬುಕ್ಕನ್ನು ಕೊಟ್ಟೆ. ಅಂಗಿಯ ಮೇಲೆ ಇದ್ದದ್ದು ಸತ್ತವನ ಗುಂಪಿನ ರಕ್ತ ಮಾತ್ರ, ಮೂರನೆಯವರ ಗುರುತೇನೂ ಅಂಗಿಯಲ್ಲಿರಲಿಲ್ಲ ಎಂದೆ. ಆರೋಪಿಯ ಬಗ್ಗೆ ಮರುಕವಿತ್ತು. ಆದರೆ ನನ್ನ ಎಂಜಲಿನಿಂದ ಅವನು ಹೇಳಿದ ಆ ಮೂರನೆಯವನನ್ನು ಸೃಷ್ಟಿಸಿಕೊಡುವ ಹಕ್ಕು ನನಗಿರಲಿಲ್ಲ.

ಪರೀಕ್ಷಕರು ಒಳಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದು ತೀರ್ಪು ಹೇಳಿದರು: ವರದಿ ತಪ್ಪು, ಆ ಭಾಗಕ್ಕೆ ಸೊನ್ನೆ. ಸಾಕ್ಷ್ಯ ನುಡಿದದ್ದರಲ್ಲಿ ತಪ್ಪಿಲ್ಲ. ಹೊಸ ವಸ್ತುವೊಂದನ್ನು ಕೊಡುತ್ತಾರೆ, ಒಂದು ತಿಂಗಳು ಹೆಚ್ಚು ಇದ್ದು ಮತ್ತೆ ಮಾಡಬೇಕು. ಡಾಕ್ಟರ್ ಮನ್ರೋ ಎರಡು ದಿನ ನನ್ನ ಕಡೆ ಸುಳಿಯಲಿಲ್ಲ. ಮೂರನೇ ದಿನ ಪ್ರಯೋಗಾಲಯದ ನನ್ನ ಮೇಜಿನ ಮೇಲೆ ಒಂದು ಹೊಸ ಚಿಮಟ ಇಟ್ಟುಹೋಗಿದ್ದರು. ಆ ತಿಂಗಳೆಲ್ಲ ಬಾಯಿಗೆ ಕರವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡಿದೆ. ಸಹಪಾಠಿಗಳು ನಕ್ಕರು, ನಾನೂ ನಕ್ಕೆ, ಕರವಸ್ತ್ರದಿಂದಾಗಿ ಅವರಿಗೆ ಕಾಣಲಿಲ್ಲ. ಪಾಸಾದೆ.

ಬೆಂಗಳೂರು

ಸಾಹೇಬರು ಕೊಟ್ಟ ಮಾತು ಉಳಿಸಿಕೊಂಡರು. ನೆಲಮಂಗಲದ ಕಡೆಯ ಒಂದು ಹೊಡೆದಾಟದ ಕೇಸು ನನ್ನ ಸಹಿಯಲ್ಲಿ ಹೋಯಿತು. ಮೂರು ತಿಂಗಳಿಗೆ ಕೋರ್ಟಿನಿಂದ ಸಮನ್ಸೂ ನನ್ನ ಹೆಸರಿಗೇ ಬಂತು. ಹೇಗೆ ಹಿಂಡುತ್ತಾರೋ ನೋಡೋಣವೆಂದು ಸಾಹೇಬರೂ ಬಂದು ಹಿಂದೆ ಕೂತರು.

ಆರೋಪಿಯ ವಕೀಲರು ದಪ್ಪ ದನಿಯವರು, ಕರಿಕೋಟನ್ನು ಆಗಾಗ ಸರಿಮಾಡಿಕೊಳ್ಳುತ್ತಿದ್ದರು. ನನ್ನ ಓದು, ನನ್ನ ವಯಸ್ಸು, ಮದುವೆಯಾಗಿಲ್ಲವೇಕೆ ಎಂಬುದು, ಎಲ್ಲ ಮುಗಿದ ಮೇಲೆ ಕೇಳಿದರು.

“ಅಮ್ಮಾ, ತಾವು ವಿಲಾಯಿತಿ ಪಂಡಿತರು. ತಮ್ಮ ಪರೀಕ್ಷೇಲಿ ಎಂದಾದ್ರೂ ತಪ್ಪಾಗಿದ್ಯೋ?”

ಇಲ್ಲ ಎಂದರೆ ನಂಬುವವರಿಲ್ಲ, ಹೌದು ಎಂದರೆ ಕೇಸು ಬಿದ್ದಂತೆ. ಸಾಹೇಬರು ಹಿಂದಿನಿಂದ ‘ಇಲ್ಲ ಅನ್ನು’ ಎಂದು ತಲೆಯಾಡಿಸುತ್ತಿದ್ದುದು ನನಗೆ ಕಾಣುತ್ತಿತ್ತು.

“ಆಗಿದೆ ಸ್ವಾಮಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಸಾಹೇಬರು ಹಣೆಗೆ ಕೈ ಇಟ್ಟುಕೊಂಡರು. ನಾನು ಅಂಗಿಯ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಇಲ್ಲಿ ಎಂಜಲನ್ನು ವಿವರಿಸುವ ಕಷ್ಟ ಇರಲಿಲ್ಲ, ನ್ಯಾಯಾಧೀಶರೇ ನಕ್ಕುಬಿಟ್ಟರು. ವಕೀಲರು ಮಾತ್ರ ಬೇಟೆ ಸಿಕ್ಕ ಖುಷಿಯಲ್ಲಿ ಎರಡು ಹೆಜ್ಜೆ ಮುಂದೆ ಬಂದರು.

“ಹಂಗಾದ್ರೆ ಈ ಕೇಸಲ್ಲೂ ಅದೇ ತಪ್ಪು ಆಗಿರ್ಬೋದಲ್ಲ?”

“ಆಗಿರ್ಬೋದು ಅಂತ್ಲೇ ನನ್ನ ಎಂಜಲನ್ನೂ ಜೊತೇಲಿಟ್ಟು ಪರೀಕ್ಷೆ ಮಾಡಿದೀನಿ. ವರದಿಯ ಕೊನೇ ಸಾಲು ದಯವಿಟ್ಟು ಓದಿ.”

ವಕೀಲರು ಹಾಳೆ ತಿರುವಿದರು, ಕಣ್ಣಾಡಿಸಿದರು, ಓದಲಿಲ್ಲ. ನ್ಯಾಯಾಧೀಶರು ತಮ್ಮ ಪ್ರತಿಯನ್ನು ಬೆಳಕಿಗೆ ಹಿಡಿದು ತಾವೇ ಗಟ್ಟಿಯಾಗಿ ಓದಿದರು.

“ಪರೀಕ್ಷಿಸಿದವರ ಗುಂಪು ‘ಬಿ’. ವಸ್ತುವಿನ ಮೇಲೆ ಅದರ ಗುರುತು ಇಲ್ಲ. ಸಹಿ, ನಾಗರತ್ನ.”

ವಕೀಲರು ಕೋಟು ಸರಿಮಾಡಿಕೊಂಡು ಕೂತರು.